‘ಕಂಟ್ರೋಲ್’ ಎನ್ನುವ ಕಡೆ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ?

ಅನುವಾದಕಿ, ಧಾರವಾಡ

ಸಕ್ಕರೆ ಕಾಯಿಲೆಯವರಿಗಾಗಿ 8 ಪುಟದ ಕಿರುಹೊತ್ತಿಗೆಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ಹಂಚುವಂಥದ್ದು. ಮೂಲದಲ್ಲಿ ‘ಕಂಟ್ರೋಲ್’ 21 ಸಲ ಬಂದಿದೆ. ನಾನೂ 21 ಸಲ ‘ನಿಯಂತ್ರಣ’ ಎಂದು ಬರೆದು ಮುಗಿಸಿದ್ದೆ. ಸಕ್ಕರೆ ನಿಯಂತ್ರಣ, ಆಹಾರ ನಿಯಂತ್ರಣ, ತೂಕ ನಿಯಂತ್ರಣ, ಕೋಪ ನಿಯಂತ್ರಣ, ರಕ್ತದೊತ್ತಡ ನಿಯಂತ್ರಣ.

ನಿನ್ನೆ ರಾತ್ರಿ ಅದನ್ನು ಅತ್ತೆಯವರಿಗೆ ಓದಿ ಹೇಳಿದೆ. ಅವರಿಗೆ 12 ವರ್ಷದಿಂದ ಈ ಕಾಯಿಲೆ ಇದೆ. ಹೋದ ಮಳೆಗಾಲದಲ್ಲಿ ಕಾಲ್ಬೆರಳಿಗಾದ ಸಣ್ಣ ಗಾಯ ಎರಡು ತಿಂಗಳು ಮಾಯಲಿಲ್ಲ. ಎರಡನೆಯ ಪುಟಕ್ಕೆ ಕೈ ಎತ್ತಿ ನನ್ನನ್ನು ನಿಲ್ಲಿಸಿದರು. ‘ಇದು ಸರ್ಕಾರದ ನೋಟೀಸು ಇದ್ದ ಹಾಗಿದೆ. ನಾನು ಏನು ಮಾಡಬೇಕು, ಅದನ್ನು ಹೇಳು’ ಎಂದರು.

ನಿದ್ದೆ ಬರಲಿಲ್ಲ. ಎದ್ದು ಕುಳಿತು ಒಂದು ಹಾಳೆಯಲ್ಲಿ ಬರೆದೆ: ಹತೋಟಿ, ಹಿಡಿತ, ಅಂಕೆ, ಅಂಕುಶ, ಕಡಿವಾಣ, ಲಗಾಮು, ಮೂಗುದಾರ, ವಶ, ಅಧೀನ, ಸುಪರ್ದಿ, ನಿಗ್ರಹ, ಸಂಯಮ, ಸ್ತಿಮಿತ, ಹದ್ದುಬಸ್ತು, ತಹಬಂದಿ, ಬಿಗಿ, ತಡೆ. ಇಷ್ಟು ಪದಗಳು ಮನೆಯಲ್ಲೇ ಇರುವಾಗ ನನ್ನ ಲೇಖನಿಯಿಂದ ಒಂದೇ ಪದ ಏಕೆ ಬಂತು? ಇವು ಒಂದರ ಬದಲು ಇನ್ನೊಂದನ್ನು ಇಡಬಹುದಾದ ಪದಗಳಲ್ಲ ಎಂದು ನನ್ನ ಕಿವಿ ಹೇಳುತ್ತಿದೆ. ‘ಬೆಂಕಿ ಹತೋಟಿಗೆ ಬಂತು’ ಸರಿ, ‘ಬೆಂಕಿ ಅಂಕೆಗೆ ಬಂತು’ ಸರಿಯಲ್ಲ. ‘ಭಾಷೆಯ ಮೇಲೆ ಹಿಡಿತ’ ಇದೆ, ‘ಭಾಷೆಗೆ ಕಡಿವಾಣ’ ಎಂದರೆ ಅರ್ಥವೇ ತಿರುಗಿಬಿಡುತ್ತದೆ. ನಿಮ್ಮ ನಿಮ್ಮ ಊರಿನಲ್ಲಿ, ನಿಮ್ಮ ಕೆಲಸದಲ್ಲಿ, ಯಾವುದನ್ನು ಎಲ್ಲಿ ಬಳಸುತ್ತೀರಿ? ನಿಘಂಟು ನೋಡಿ ಹೇಳುವುದು ಬೇಡ. ಬಾಯಲ್ಲಿ ಬರುವುದನ್ನು ಹೇಳಿ.

ನಿವೃತ್ತ ಬ್ಯಾಂಕ್ ನೌಕರ, ಮೈಸೂರು

ತಾಯೀ, ನಿಮ್ಮ ಅತ್ತೆಯವರ ಮಾತಿನಲ್ಲಿ ಚರಿತ್ರೆ ಇದೆ. ಆ ಪೀಳಿಗೆಗೆ ಕಂಟ್ರೋಲ್ ಎಂದರೆ ಸರ್ಕಾರವೇ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಧಾನ್ಯ, ಬಟ್ಟೆ, ಸಕ್ಕರೆ, ಸೀಮೆಎಣ್ಣೆ ಎಲ್ಲಕ್ಕೂ ಅಳತೆ ಬಿತ್ತು. 1943ರಲ್ಲಿ ಹತ್ತಿ ಬಟ್ಟೆ ಮತ್ತು ನೂಲಿನ ಮೇಲೆ ಕಂಟ್ರೋಲ್ ಆದೇಶ ಬಂತು. 1947ರ ಕೊನೆಯಲ್ಲಿ ಗಾಂಧೀಜಿಯವರ ಒತ್ತಾಯದಿಂದ ಧಾನ್ಯದ ಮೇಲಿನ ಕಂಟ್ರೋಲ್ ತೆಗೆಯತೊಡಗಿದರು. ಬೆಲೆ ಏರಿತು, 1948ರಲ್ಲಿ ಮತ್ತೆ ತಂದರು. ಇಂಗ್ಲಿಷ್ ಅಕ್ಷರ ಗೊತ್ತಿಲ್ಲದ ಮನೆಗಳಿಗೂ ಈ ಪದ ನುಗ್ಗಿದ್ದು ಆ ದಾರಿಯಲ್ಲಿ.

ನಮ್ಮ ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ‘ಕಂಟ್ರೋಲ್ ಅಕ್ಕಿ’, ‘ಕಂಟ್ರೋಲ್ ಬಟ್ಟೆ’, ‘ಕಂಟ್ರೋಲ್ ಅಂಗಡಿ’ ಎಂದು ನಿರರ್ಗಳವಾಗಿ ಹೇಳುತ್ತಿದ್ದರು. ‘ಕಂಟ್ರೋಲ್ ಕಾಲದಲ್ಲಿ ಹುಟ್ಟಿದ ಮಗು’ ಎಂದು ನಮ್ಮ ಚಿಕ್ಕಪ್ಪನ ವಯಸ್ಸನ್ನು ಲೆಕ್ಕ ಹಾಕುತ್ತಿದ್ದರು. ನ್ಯಾಯಬೆಲೆ ಅಂಗಡಿ ಎಂಬ ಹೆಸರು ಬಂದ ಮೇಲೂ ಅವರ ಬಾಯಲ್ಲಿ ಅದು ಕಂಟ್ರೋಲ್ ಅಂಗಡಿಯಾಗಿಯೇ ಉಳಿಯಿತು. ಅಲ್ಲಿ ‘ಕಂಟ್ರೋಲ್’ ಎಂದರೆ ಸರದಿ, ಚೀಟಿ, ನುಚ್ಚು ಬೆರೆತ ಅಕ್ಕಿ, ಸಾಕಾಗದ ಸೀಮೆಎಣ್ಣೆ. ಯಾರೋ ಮೇಲಿನವರು ಅಳೆದು ಕೊಡುವುದು, ನಾವು ಕೈಚಾಚುವುದು. ಆ ಪದವನ್ನೋ ಅದರ ಸಂಸ್ಕೃತ ರೂಪವನ್ನೋ ಕಾಯಿಲೆಯವರ ಮುಂದೆ ಇಟ್ಟರೆ, ಅವರ ಕೈಯಲ್ಲಿರುವ ಕೆಲಸವನ್ನು ಬೇರೆ ಯಾರದೋ ಕೈಗೆ ಕೊಟ್ಟಂತೆ ಕೇಳಿಸುತ್ತದೆ.

ಅಡಿಕೆ ತೋಟದವನು, ತೀರ್ಥಹಳ್ಳಿ

ನಮ್ಮಲ್ಲಿ ಹತೋಟಿ. ಕಳೆ ಹತೋಟಿ, ಕೀಟ ಹತೋಟಿ, ರೋಗ ಹತೋಟಿ. ಕೃಷಿ ಇಲಾಖೆಯ ಹಳೆಯ ಕರಪತ್ರಗಳಲ್ಲಿ ಇದೇ ಪದ, ರೇಡಿಯೋದ ಕೃಷಿ ಕಾರ್ಯಕ್ರಮದಲ್ಲಿ ಇದೇ ಪದ, ನಮ್ಮ ಬಾಯಲ್ಲೂ ಇದೇ ಪದ. ಇತ್ತೀಚೆಗೆ ‘ನಿರ್ವಹಣೆ’ ಎಂದು ಬರೆಯತೊಡಗಿದ್ದಾರೆ. ಅದು ನನ್ನ ತೋಟಕ್ಕೆ ಹೊಂದುವುದಿಲ್ಲ.

ಏಕೆ ಎಂದು ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಓದಿ. ಅಡಿಕೆಗೆ ಕೊಳೆರೋಗ ಬರುತ್ತದೆ. 1910ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಇದರ ಮೇಲೆ ವರದಿ ಬರೆದರು. ಅವರು ನಮ್ಮ ಪದವನ್ನೇ ಇಟ್ಟುಕೊಂಡರು. ಹಾಗಾಗಿ ಇಂಗ್ಲಿಷಿನ ಸಸ್ಯರೋಗ ಪುಸ್ತಕಗಳಲ್ಲಿ ಇಂದಿಗೂ ‘ಕೊಳೆರೋಗ’ ಎಂದೇ ಇದೆ. ಪದಗಳು ಒಂದೇ ದಿಕ್ಕಿಗೆ ಹರಿಯುವುದಿಲ್ಲ ಎಂಬುದಕ್ಕೆ ಇದನ್ನು ನೆನೆದರೆ ನನಗೆ ಬಹಳ ಹೆಮ್ಮೆ. ಔಷಧಿ ಯಾವುದು? ಬೋರ್ಡೋ ದ್ರಾವಣ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ ಕೊನೆಗಳಿಗೆ, ಅಂದರೆ ಅಡಿಕೆ ಗೊನೆಗಳಿಗೆ, ಹೊಡೆಯಬೇಕು, 40-45 ದಿನ ಬಿಟ್ಟು ಇನ್ನೊಂದು ಸಲ. ಮಳೆ ಬಿಡದಿದ್ದರೆ ಮೂರನೆಯದು. ಸುಣ್ಣ ಕಡಿಮೆಯಾದರೆ ಎಳೆಯ ಕಾಯಿ ಸುಡುತ್ತದೆ.

ಈಗ ನೋಡಿ, ನೂರು ವರ್ಷದಿಂದ ಹೊಡೆಯುತ್ತಿದ್ದೇವೆ, ಕೊಳೆ ಹೋಗಿದೆಯೇ? ಇಲ್ಲ. ಅದು ಮಣ್ಣಿನಲ್ಲಿದೆ, ಬಿದ್ದ ಕಾಯಿಯಲ್ಲಿದೆ, ಪಕ್ಕದ ತೋಟದಲ್ಲಿದೆ. ನಾವು ಒಂದು ವರ್ಷ ಕೈ ಬಿಟ್ಟರೆ ಮರುವರ್ಷ ಕೊನೆಗಳೆಲ್ಲ ಬುಡದಲ್ಲಿ. ಹತೋಟಿ ಎಂದರೆ ಇದು. ಇಲ್ಲಿ ಗೆದ್ದು ಮುಗಿಸುವುದು ಎಂಬುದಿಲ್ಲ, ಪ್ರತಿ ವರ್ಷ ಹೊತ್ತಿಗೆ ಸರಿಯಾಗಿ ಕೈಯಾಡಿಸುತ್ತಿರಬೇಕು. ನಿಮ್ಮ ಅತ್ತೆಯವರ ಸಕ್ಕರೆಯೂ ಹಾಗೆಯೇ ಅಲ್ಲವೇ? ನನ್ನ ತಂದೆಗೂ ಇತ್ತು. ವಾಸಿಯಾಗುವ ಕಾಯಿಲೆಯಲ್ಲ, ಹತೋಟಿಯಲ್ಲಿ ಇಟ್ಟುಕೊಳ್ಳುವ ಕಾಯಿಲೆ. ನೀವು ಕಣ್ಣುಮುಚ್ಚಿ ‘ಹತೋಟಿ’ ಎಂದು ಬರೆಯಿರಿ.

ಅನುವಾದಕಿ, ಧಾರವಾಡ

ಅಣ್ಣನವರೇ, ನಿಮ್ಮ ಮಾತು ಓದಿ ಎದೆ ತುಂಬಿತು. ನಮ್ಮ ಕಡೆ ಮರಾಠಿ ಮನೆಗಳು ಅಕ್ಕಪಕ್ಕದಲ್ಲೇ ಇವೆ. ಮರಾಠಿಯಲ್ಲಿ ‘ಹಾತೋಟಿ’ ಎಂದರೆ ಕೈಚಳಕ, ಕೆಲಸದ ಮರ್ಮ ಕೈಗೆ ದಕ್ಕಿರುವುದು. ರೊಟ್ಟಿ ಬಡಿಯುವ ಹಾತೋಟಿ, ಲೆಕ್ಕ ಬಿಡಿಸುವ ಹಾತೋಟಿ ಎನ್ನುತ್ತಾರೆ. ಆ ಪದದೊಳಗೆ ‘ಹಾತ್’, ಅಂದರೆ ಕೈ, ಎದ್ದು ಕಾಣುತ್ತದೆ. ನಮ್ಮ ಹತೋಟಿಯೂ ಅದೂ ಒಂದೇ ಬಳ್ಳಿಯವು ಎಂದು ನನ್ನ ಮನಸ್ಸು ಹೇಳುತ್ತದೆ. ನೀವು ಹೇಳಿದ ‘ಕೈಯಾಡಿಸುತ್ತಿರುವುದು’ ಅದಕ್ಕೆ ಎಷ್ಟು ಸರಿಯಾಗಿ ಕೂಡುತ್ತದೆ!

ನಿವೃತ್ತ ಸಂಸ್ಕೃತ ಅಧ್ಯಾಪಕ, ಉಡುಪಿ

‘ನಿಯಂತ್ರಣ’ದ ಪರವಾಗಿ ಯಾರೂ ಮಾತನಾಡದಿರುವುದು ನನಗೆ ನೋವು ತಂದಿದೆ. ಅದರ ಮೂಲ ‘ಯಮ್’ ಧಾತು, ಹಿಡಿದಿಡುವುದು. ಯಮ, ನಿಯಮ, ಸಂಯಮ, ಯಂತ್ರ ಎಲ್ಲವೂ ಅದೇ ಬೇರಿನವು. ‘ಯಂತೃ’ ಎಂದರೆ ಸಾರಥಿ, ಮಾವುತನೂ ಹೌದು. ಆ ಪದದೊಳಗೆ ಕಡಿವಾಣ ಹಿಡಿದ ಮನುಷ್ಯನೊಬ್ಬ ಕುಳಿತಿದ್ದಾನೆ. ಅವನನ್ನು ಇಳಿಸಿ, ಪದವನ್ನು ಕಚೇರಿಯ ಬೋರ್ಡಿಗೆ ಅಂಟಿಸಿದವರು ನಾವು. ಮಾಲಿನ್ಯ ನಿಯಂತ್ರಣ ಮಂಡಳಿ, ಬಾಡಿಗೆ ನಿಯಂತ್ರಣ ಕಾಯ್ದೆ, ಸಂಚಾರ ನಿಯಂತ್ರಕ, ವಿಭಾಗೀಯ ನಿಯಂತ್ರಣಾಧಿಕಾರಿ, ಕ್ರಿಕೆಟ್ ನಿಯಂತ್ರಣ ಮಂಡಳಿ. ಇಷ್ಟು ಫಲಕ ಹೊತ್ತ ಪದ ಅತ್ತೆಯವರಿಗೆ ನೋಟೀಸಿನಂತೆ ಕೇಳಿಸಿದರೆ ತಪ್ಪು ಪದದ್ದಲ್ಲ.

ಇನ್ನು ಇಂಗ್ಲಿಷ್ ಪದದ ಹುಟ್ಟು ನೋಡಿ. ಮಧ್ಯಯುಗದ ಲ್ಯಾಟಿನ್‌ನಲ್ಲಿ ‘ಕಾಂಟ್ರಾ’ ಎಂದರೆ ಎದುರು, ‘ರೋಟುಲಸ್’ ಎಂದರೆ ಸುರುಳಿ. ಲೆಕ್ಕದ ಒಂದು ಸುರುಳಿಗೆ ಎದುರಾಗಿ ಇನ್ನೊಂದು ಪ್ರತಿ ಇಟ್ಟುಕೊಂಡು ತಾಳೆ ನೋಡುವುದು, ಅದೇ ಕಂಟ್ರೋಲ್. ಹಿಡಿಯುವುದು, ಕಟ್ಟುವುದು ಮೊದಲಿಗೆ ಅದರಲ್ಲಿ ಇರಲೇ ಇಲ್ಲ. ಫ್ರೆಂಚಿನಲ್ಲಿ ಇಂದಿಗೂ ಆ ಪದಕ್ಕೆ ತಪಾಸಣೆ ಎಂಬ ಅರ್ಥ ಮುಖ್ಯವಾಗಿ ಉಳಿದಿದೆ. ನಮ್ಮ ಸಂವಿಧಾನದ 148ನೆಯ ವಿಧಿಯ ಮಹಾಲೆಕ್ಕ ಪರಿಶೋಧಕರ ಹುದ್ದೆಯ ಇಂಗ್ಲಿಷ್ ಹೆಸರಿನಲ್ಲಿ ಆ ಪದ ‘Comptroller’ ಎಂಬ ಬೇರೆ ಕಾಗುಣಿತದಲ್ಲಿದೆ. ಎಣಿಕೆ ಎಂಬರ್ಥದ ಫ್ರೆಂಚ್ ಪದದೊಂದಿಗೆ ಯಾರೋ ಹಿಂದೆ ಗೊಂದಲ ಮಾಡಿಕೊಂಡದ್ದು ಹಾಗೆಯೇ ಉಳಿದಿದೆ. ಕೆಲಸ ಮಾತ್ರ ಹಳೆಯದೇ, ಲೆಕ್ಕ ತಾಳೆ ನೋಡುವುದು.

ವಿಜ್ಞಾನ ಶಿಕ್ಷಕಿ, ತುಮಕೂರು

ಗುರುಗಳೇ, ನೀವು ಹೇಳಿದ ‘ತಾಳೆ’ ನನ್ನ ಹತ್ತು ವರ್ಷದ ತೊಡಕನ್ನು ಬಿಡಿಸಿತು. ಹೊಸ ಔಷಧಿಯನ್ನು ಪರೀಕ್ಷಿಸುವಾಗ ಒಂದು ಗುಂಪಿಗೆ ಔಷಧಿ ಕೊಡುತ್ತಾರೆ, ಇನ್ನೊಂದಕ್ಕೆ ಕೊಡುವುದಿಲ್ಲ. ಕೊಡದ ಗುಂಪಿಗೆ ಇಂಗ್ಲಿಷಿನಲ್ಲಿ ‘ಕಂಟ್ರೋಲ್ ಗ್ರೂಪ್’ ಎನ್ನುತ್ತಾರೆ, ನಾನು ‘ನಿಯಂತ್ರಿತ ಗುಂಪು’ ಎಂದು ಕಲಿಸುತ್ತಿದ್ದೆ. ಪ್ರತಿ ವರ್ಷ ಯಾವುದಾದರೂ ಮಗು ಕೇಳುತ್ತದೆ: ‘ಮಿಸ್, ಅವರನ್ನು ಯಾರು ನಿಯಂತ್ರಿಸುತ್ತಾರೆ?’ ಯಾರೂ ಇಲ್ಲ. ಅವರು ಇರುವುದು ಹೋಲಿಸಿ ನೋಡಲು. ಅಲ್ಲಿ ಇಂಗ್ಲಿಷ್ ಪದ ತನ್ನ ಹಳೆಯ ಎದುರು ಸುರುಳಿಯ ಅರ್ಥದಲ್ಲೇ ನಿಂತಿದೆ. ನಾಳೆಯಿಂದ ‘ಹೋಲಿಕೆಯ ಗುಂಪು’ ಎಂದು ಕಲಿಸುತ್ತೇನೆ.

ಬಸ್ ಚಾಲಕ, ಶಿವಮೊಗ್ಗ

26 ವರ್ಷದಿಂದ ಘಾಟಿಯಲ್ಲಿ ಬಸ್ ಓಡಿಸುತ್ತಿದ್ದೇನೆ. ಭಾಷೆಯ ವಿಷಯದಲ್ಲಿ ಮಾತನಾಡಲು ನನಗೂ ಒಂದು ಕಾರಣ ಇದೆ.

ದಿನಬೆಳಗಾದರೆ ಪತ್ರಿಕೆಯಲ್ಲಿ ಒಂದು ಸಾಲು ಓದುತ್ತೇವೆ: ‘ಚಾಲಕನ ನಿಯಂತ್ರಣ ತಪ್ಪಿ ಬಸ್ ಪಲ್ಟಿ.’ ಟೈರ್ ಸಿಡಿದಿದ್ದರೂ ಇದೇ ಸಾಲು. ಬ್ರೇಕ್ ಹಿಡಿಯದಿದ್ದರೂ ಇದೇ ಸಾಲು. ರಸ್ತೆಯಲ್ಲಿ ಎಣ್ಣೆ ಚೆಲ್ಲಿ ಜಾರಿದ್ದರೂ, ಎದುರಿನ ಬೈಕ್ ತಪ್ಪಿಸಲು ಎಳೆದಿದ್ದರೂ, ಸತತ ಎರಡು ಪಾಳಿ ಓಡಿಸಿ ಚಾಲಕ ನಿದ್ದೆಗೆ ಜಾರಿದ್ದರೂ ಇದೇ ಸಾಲು. ನಾವು ಚಾಲಕರು ನಮ್ಮ ನಮ್ಮಲ್ಲಿ ಹೀಗೆ ಮಾತನಾಡುವುದಿಲ್ಲ. ‘ಗಾಡಿ ಕೈಗೆ ಸಿಗಲಿಲ್ಲ’ ಎನ್ನುತ್ತೇವೆ, ‘ಎಡಕ್ಕೆ ಎಳೆಯಿತು’ ಎನ್ನುತ್ತೇವೆ, ‘ಬ್ರೇಕ್ ನಿಲ್ಲಲಿಲ್ಲ’ ಎನ್ನುತ್ತೇವೆ. ಏನಾಯಿತು ಎಂದು ಆ ಮಾತೇ ಹೇಳುತ್ತದೆ. ನಿಯಂತ್ರಣ ತಪ್ಪಿತು ಎಂದರೆ ಏನೂ ಹೇಳಿದಂತಾಗುವುದಿಲ್ಲ, ಆದರೆ ‘ಚಾಲಕನ’ ಎಂಬ ಪದ ಮಾತ್ರ ಓದುವವರ ತಲೆಯಲ್ಲಿ ಉಳಿಯುತ್ತದೆ.

ನನ್ನ ಜೊತೆಗಾರರೊಬ್ಬರ ಮೇಲೆ ಇಂಥ ಸುದ್ದಿ ಬಂದಿತ್ತು. ಹಿಂದಿನ ದಿನವೇ ಬ್ರೇಕ್ ಸಡಿಲವಾಗಿದೆ ಎಂದು ದೂರು ಪುಸ್ತಕದಲ್ಲಿ ಅವರು ಬರೆದಿದ್ದರು. ಆ ಪುಸ್ತಕ ಸಿಗಲು ಏಳು ತಿಂಗಳು ಬೇಕಾಯಿತು. ಅಷ್ಟೂ ದಿನ ಅವರ ಮಗಳು ಶಾಲೆಯಲ್ಲಿ ‘ನಿಯಂತ್ರಣ ತಪ್ಪಿದವರ ಮಗಳು’ ಆಗಿದ್ದಳು.

ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ತಿರುವು. ನನಗೆ ಕೆಲಸ ಕಲಿಸಿದ ಹಿರಿಯರು ಮೊದಲ ದಿನ ಹೇಳಿದ್ದು: ‘ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಬ್ರೇಕನ್ನು ನಂಬಿ ಇಳಿದರೆ ಕೆಳಗೆ ಮುಟ್ಟುವ ಹೊತ್ತಿಗೆ ಬ್ರೇಕ್ ಇರುವುದಿಲ್ಲ.’ ಬ್ರೇಕ್ ಕಾದು ಹಿಡಿತ ಬಿಡುತ್ತದೆ, ಇಂಜಿನ್ ಬಿಡುವುದಿಲ್ಲ. ಗಾಡಿ ಹಿಡಿತದಲ್ಲಿರುವುದು ಎಂದರೆ ನಮಗೆ ಅದು. ಇಳಿಜಾರು ಶುರುವಾಗುವ ಮುಂಚೆಯೇ ಮಾಡಬೇಕಾದ ಕೆಲಸ.

ಉಪಸಂಪಾದಕ, ಬೆಂಗಳೂರು

ಚಾಲಕ ಅಣ್ಣನವರಿಗೆ: ಆ ಸಾಲನ್ನು ಬರೆಯುವವರಲ್ಲಿ ನಾನೂ ಒಬ್ಬ. ರಾತ್ರಿ 11ಕ್ಕೆ ವರದಿ ಬರುತ್ತದೆ, ಕಾರಣ ಇನ್ನೂ ತಿಳಿದಿರುವುದಿಲ್ಲ, ಪೊಲೀಸರ ಟಿಪ್ಪಣಿಯಲ್ಲಿ ಇರುವ ಮಾತನ್ನೇ ಎತ್ತಿ ಹಾಕುತ್ತೇವೆ. ಕಾರಣ ತಿಳಿಯದಿದ್ದರೆ ‘ಬಸ್ ಪಲ್ಟಿ’ ಎಂದು ನಿಲ್ಲಿಸಬಹುದು. ನಿಲ್ಲಿಸಬೇಕು. ನಿಮ್ಮ ಬರಹವನ್ನು ನಮ್ಮ ಮೇಜಿನವರಿಗೆಲ್ಲ ಓದಿಸಿದ್ದೇನೆ.

ಶೀರ್ಷಿಕೆಗಳ ಒಳಗುಟ್ಟು ಒಂದಿದೆ. ನಮಗೆ ಎಣಿಸಿ ಕೊಟ್ಟ ಅಕ್ಷರ. ‘ನಿಯಂತ್ರಣ’ ಉದ್ದ, ‘ಕಡಿವಾಣ’ ಚುರುಕು, ‘ಲಗಾಮು’ ಇನ್ನೂ ಪುಟ್ಟದು. ಹೀಗೆ ಮರಳು ದಂಧೆಗೆ ಕಡಿವಾಣ, ಬೆಲೆಗೆ ಲಗಾಮು, ಅಧಿಕಾರಿಗಳಿಗೆ ಅಂಕುಶ, ಪುಂಡರಿಗೆ ಮೂಗುದಾರ. ಮೊದಲೆಲ್ಲ ಇವನ್ನು ಜಾಗ ನೋಡಿ ಹಾಕುತ್ತಿದ್ದೆ, ಪ್ರಾಣಿ ನೋಡಿ ಹಾಕುತ್ತಿರಲಿಲ್ಲ. ಈಗ ಹಾಗಲ್ಲ. ಕಡಿವಾಣ, ಲಗಾಮು ಕುದುರೆಯವು. ಓಡುವುದನ್ನು ನಿಲ್ಲಿಸದೆ ದಿಕ್ಕು, ವೇಗ ನೋಡಿಕೊಳ್ಳುವಂಥವು. ಬೆಲೆಗೆ ಅದು ಸರಿ. ಅಂಕುಶ ಆನೆಯದು. ಮೇಲೆ ಕುಳಿತ ಪುಟ್ಟ ಮನುಷ್ಯ ಕೆಳಗಿನ ದೊಡ್ಡ ಬಲವನ್ನು ತಿದ್ದುವುದು. ಪ್ರಜೆಗಳು ಸರ್ಕಾರಕ್ಕೆ ಹಾಕಬೇಕಾದ್ದು ಅಂಕುಶವನ್ನೇ. ಮೂಗುದಾರ ಎತ್ತಿನದು, ಒಮ್ಮೆ ಪೋಣಿಸಿದರೆ ಬದುಕಿಡೀ ಇರುತ್ತದೆ. ಅದನ್ನು ಮನುಷ್ಯರಿಗೆ ಬಳಸುವಾಗ ನನ್ನ ಕೈ ಈಗ ತಡೆಯುತ್ತದೆ. ಇನ್ನು ಅಕ್ರಮ ಮರಳು ದಂಧೆಗೆ ಕಡಿವಾಣವೂ ಬೇಡ. ಅದು ನಿಲ್ಲಬೇಕಾದದ್ದು, ‘ತಡೆ’ ಎಂದರೆ ಸಾಕು.

ಭೂಮಾಪಕ, ಕಲಬುರಗಿ

ಹದ್ದುಬಸ್ತಿನ ಬಗ್ಗೆ ನಾನೇ ಹೇಳಬೇಕು, ಅದು ನನ್ನ ಅನ್ನ. ಜಮೀನು ಅಳತೆಯ ಅರ್ಜಿಗಳಿಗಾಗಿ ಸರ್ಕಾರ ಮಾಡಿರುವ ‘ಮೊಜಿಣಿ’ ವ್ಯವಸ್ಥೆಯಲ್ಲಿ ರೈತರು ‘ಹದ್ದುಬಸ್ತು’ ಅರ್ಜಿ ಹಾಕುತ್ತಾರೆ. ಅಕ್ಕಪಕ್ಕದ ಹೊಲದವರಿಗೆ ನೋಟೀಸು ಹೋಗುತ್ತದೆ, ಅಳೆದು ಗಡಿ ತೋರಿಸುತ್ತೇವೆ, ಬಾಂದುಕಲ್ಲು ನೆಡುತ್ತಾರೆ. ‘ಹದ್’ ಅರಬ್ಬಿಯಿಂದ ಬಂದದ್ದು, ಎಲ್ಲೆ. ‘ಬಸ್ತ್’ ಪಾರಸಿ, ಕಟ್ಟುವುದು. ಪೊಲೀಸರ ಬಂದೋಬಸ್ತಿನಲ್ಲೂ ಅದೇ ಬಸ್ತ್ ಇದೆ. ಮಕ್ಕಳನ್ನು ಹದ್ದುಬಸ್ತಿನಲ್ಲಿಡು, ಹದ್ದುಮೀರಬೇಡ ಎನ್ನುವಾಗ ಎಲ್ಲರೂ ನನ್ನ ಕಚೇರಿಯ ಪದವನ್ನೇ ಆಡುತ್ತಾರೆ. ಒಂದು ಮಾತು ನೆನಪಿಡಿ: ಹೊಲದ ಹದ್ದುಬಸ್ತಿನಲ್ಲಿ ಎರಡೂ ಕಡೆಯವರು ಹಾಜರಿರಬೇಕು. ಗಡಿಯನ್ನು ಒಬ್ಬನೇ ಎಳೆಯುವಂತಿಲ್ಲ.

ಆಪ್ತ ಸಮಾಲೋಚಕಿ, ಹುಬ್ಬಳ್ಳಿ

ಭೂಮಾಪಕರ ಕೊನೆಯ ಮಾತನ್ನು ಹಿಡಿದುಕೊಂಡೇ ಶುರು ಮಾಡುತ್ತೇನೆ, ಏಕೆಂದರೆ ಮನೆಯೊಳಗೆ ಆ ಗಡಿಯನ್ನು ಒಬ್ಬರೇ ಎಳೆಯುತ್ತಾರೆ.

ನನ್ನ ಬಳಿ ಬರುವ ಹೆಣ್ಣುಮಕ್ಕಳು ‘ಗಂಡ ನನ್ನನ್ನು ಕಂಟ್ರೋಲ್ ಮಾಡುತ್ತಾನೆ’ ಎಂದು ಹೇಳುವುದು ಅಪರೂಪ. ಓದಿದವರು, ನಗರದಲ್ಲಿ ಕೆಲಸಕ್ಕೆ ಹೋಗುವವರು ಹಾಗೆನ್ನುತ್ತಾರೆ. ಉಳಿದವರ ಬಾಯಲ್ಲಿ ಬರುವುದು ಹೀಗೆ: ‘ಎಲ್ಲಿಗೂ ಕಳಿಸುವುದಿಲ್ಲ.’ ‘ಸಂಬಳ ತಂದು ಅವರ ಕೈಗೇ ಕೊಡಬೇಕು, ಬಸ್ಸಿಗೂ ಕೇಳಬೇಕು.’ ‘ತವರಿಗೆ ಫೋನ್ ಮಾಡಿದರೆ ಪಕ್ಕದಲ್ಲೇ ನಿಂತಿರುತ್ತಾರೆ.’ ‘ಮೊಬೈಲ್ ದಿನಾ ತೆಗೆದು ನೋಡುತ್ತಾರೆ.’ ಒಬ್ಬ ತಾಯಿ 30 ವರ್ಷ ಸಂಸಾರ ಮಾಡಿದ ಮೇಲೆ ಹೇಳಿದ್ದು: ‘ಮನೆಯ ಬೀಗದ ಕೈ ಒಂದು ದಿನವೂ ನನ್ನ ಸೊಂಟದಲ್ಲಿ ಇರಲಿಲ್ಲ.’ ಅದಕ್ಕಿಂತ ಚೆನ್ನಾಗಿ ಯಾವ ಭಾಷೆಯಲ್ಲಿ ಹೇಳಬಹುದು?

ಈಗ ತರಬೇತಿಗೆಂದು ಬರುವ ಕನ್ನಡ ಕೈಪಿಡಿಗಳಲ್ಲಿ ‘ನಿಯಂತ್ರಣ ಮನೋಭಾವದ ಪತಿ’ ಎಂದಿರುತ್ತದೆ. ಓದಿದರೆ ಸದ್ಗುಣ ಎನಿಸುತ್ತದೆ! ಸಂಯಮಿ, ಶಿಸ್ತಿನವನು ಎಂಬಂತೆ. ನಮ್ಮಲ್ಲಿ ‘ಅಂಕೆಯಿಲ್ಲದ ಚತುರೆ, ಲಗಾಮಿಲ್ಲದ ಕುದುರೆ’ ಎಂಬ ಗಾದೆ ಇದೆ. ಹೆಂಡತಿಯನ್ನು ಹದ್ದುಬಸ್ತಿನಲ್ಲಿಟ್ಟವನಿಗೆ ಊರಿನಲ್ಲಿ ಮೆಚ್ಚುಗೆ ಇದೆ. ಅಂಥ ಕಡೆ ‘ನಿಯಂತ್ರಣ’ ಎಂದರೆ ದೂರು ಹೇಗಾಗುತ್ತದೆ? ನಾನು ‘ದಬ್ಬಾಳಿಕೆ’ ಎಂದೇ ಬರೆಯುತ್ತೇನೆ. ‘ಉಸಿರುಕಟ್ಟಿಸುವುದು’ ಎನ್ನುತ್ತೇನೆ. ಕೌಟುಂಬಿಕ ದೌರ್ಜನ್ಯದ ವಿರುದ್ಧ 2005ರಲ್ಲಿ ಬಂದ ಕಾಯ್ದೆ ಹೊಡೆತವನ್ನಷ್ಟೇ ಹೆಸರಿಸಿ ಸುಮ್ಮನಾಗಲಿಲ್ಲ. ಮಾತಿನ ಮತ್ತು ಮನಸ್ಸಿನ ಹಿಂಸೆಯನ್ನು, ಹಣ ಕೈಗೆ ಸಿಗದಂತೆ ಮಾಡುವ ಆರ್ಥಿಕ ದೌರ್ಜನ್ಯವನ್ನೂ ಸೇರಿಸಿತು. ಕಾನೂನು ದೌರ್ಜನ್ಯ ಎಂದು ಕರೆದದ್ದನ್ನು ಅನುವಾದಕರು ಮೆದುವಾಗಿಸಬಾರದು. ಇದು ನನ್ನ ಕೈಮುಗಿದ ವಿನಂತಿ.

ಅಡಿಕೆ ತೋಟದವನು, ತೀರ್ಥಹಳ್ಳಿ

ಅಕ್ಕನವರ ಮಾತಿಗೆ ತಲೆಬಾಗುತ್ತೇನೆ. ಆದರೆ ಅಂಕೆ ಎಂಬ ಪದವನ್ನೇ ಬಿಟ್ಟುಕೊಡಲು ಮನಸ್ಸಿಲ್ಲ. ‘ಅಂಕೆಯಿಲ್ಲದ ಕಪಿ ಲಂಕೆ ಸುಟ್ಟಿತು’ ಎಂಬುದೂ ಇದೆಯಲ್ಲ. ಮಗುವಿಗೆ ಅಂಕೆ ಬೇಕು, ಅಧಿಕಾರಕ್ಕೂ ಬೇಕು. ಸರಿಸಮಾನರ ನಡುವೆ ಮಾತ್ರ ಅದು ಬೇಡ.

ಆಪ್ತ ಸಮಾಲೋಚಕಿ, ಹುಬ್ಬಳ್ಳಿ

ಒಪ್ಪಿದೆ.

ಕನ್ನಡ ಕಲಿಸುವ ತಾಯಿ, ನ್ಯೂಜೆರ್ಸಿ

ಇಲ್ಲಿ ಭಾನುವಾರದ ತರಗತಿಯಲ್ಲಿ ಮಕ್ಕಳು ಕೇಳುತ್ತಾರೆ: ಕೋಪ ಕಂಟ್ರೋಲ್ ಮಾಡು ಎನ್ನಲು ಕನ್ನಡ ಏನು? ಅವರಿಗೆ ನಾಮಪದ ಬೇಕು, ನನಗೆ ಕ್ರಿಯಾಪದಗಳೇ ನೆನಪಾಗುತ್ತವೆ. ಸಿಟ್ಟು ನುಂಗಿಕೋ. ಅಳು ತಡೆದುಕೋ. ನಗು ಅದುಮಿಕೋ. ನಾಲಿಗೆ ಬಿಗಿಹಿಡಿ. ಆಸೆ ಹತ್ತಿಕ್ಕು. ಒಂದೊಂದಕ್ಕೂ ದೇಹದ ಬೇರೆ ಬೇರೆ ಕೆಲಸ. ಸಿಟ್ಟನ್ನು ನುಂಗುತ್ತೇವೆ, ನಗುವನ್ನು ನುಂಗುವುದು ಕಡಿಮೆ. ಮಕ್ಕಳಿಗೆ ಅಭಿನಯ ಮಾಡಿ ತೋರಿಸಿದೆ, ತಕ್ಷಣ ಹಿಡಿದುಕೊಂಡರು. ‘ಸ್ವನಿಯಂತ್ರಣ’ ಎಂದು ಹಲಗೆಯ ಮೇಲೆ ಬರೆದ ದಿನ ಯಾರಿಗೂ ಏನೂ ಉಳಿದಿರಲಿಲ್ಲ.

ನಿವೃತ್ತ ಬ್ಯಾಂಕ್ ನೌಕರ, ಮೈಸೂರು

ಇನ್ನೊಂದು ಸೇರಿಸಿಕೊಳ್ಳಿ: ಸಂತೈಸು. ಲೋಕದ ಡೊಂಕನ್ನು ತಿದ್ದಲು ಹೊರಡುವವರಿಗೆ ಬಸವಣ್ಣನವರು ನಿಮ್ಮ ನಿಮ್ಮ ಮನವ ‘ಸಂತೈಸಿಕೊಳ್ಳಿ’ ಎನ್ನುತ್ತಾರೆ. ನಿಗ್ರಹಿಸಿ ಎನ್ನಲಿಲ್ಲ, ಕಟ್ಟಿಹಾಕಿ ಎನ್ನಲಿಲ್ಲ. ಅಳುವ ಮಗುವನ್ನು ಮಡಿಲಿಗೆ ತೆಗೆದುಕೊಂಡಂತೆ ಮನಸ್ಸನ್ನು ತೆಗೆದುಕೊಳ್ಳುವುದು. 12ನೆಯ ಶತಮಾನದ ಆ ಪದದ ಮುಂದೆ ನನಗೆ ಉಳಿದವೆಲ್ಲ ಒರಟಾಗಿ ಕಾಣುತ್ತವೆ.

ತಂತ್ರಾಂಶ ಅನುವಾದಕ, ಮಂಗಳೂರು

ಒಂದು ಕಡೆ ಮಾತ್ರ ಕಂಟ್ರೋಲನ್ನು ಹಾಗೆಯೇ ಬಿಡಿ: ಕೀಲಿಮಣೆಯ ಗುಂಡಿ. ಅದರ ಮೇಲೆ ಅಚ್ಚಾಗಿರುವ ಹೆಸರನ್ನೇ ಕಣ್ಣು ಹುಡುಕುತ್ತದೆ. ಟಿವಿಯದು ‘ರಿಮೋಟ್’ ಆಗಿ ಕಂಟ್ರೋಲನ್ನು ತಾನೇ ಕಳಚಿಕೊಂಡಿದೆ. ‘ದೂರನಿಯಂತ್ರಕ ಎಲ್ಲಿ’ ಎಂದು ಸೋಫಾದ ಸಂದಿಯಲ್ಲಿ ಯಾರೂ ಹುಡುಕುವುದಿಲ್ಲ.

ಅನುವಾದಕಿ, ಧಾರವಾಡ

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಇಡೀ ದಿನ ಕುಳಿತು ತಿದ್ದಿದೆ. 21 ‘ನಿಯಂತ್ರಣ’ಗಳಲ್ಲಿ ಒಂದೂ ಉಳಿದಿಲ್ಲ. ಗುರುಗಳು ಕ್ಷಮಿಸಬೇಕು, ಪದದ ಮೇಲೆ ನನಗೆ ಕೋಪವಿಲ್ಲ, ಈ ಹೊತ್ತಿಗೆಯಲ್ಲಿ ಅದಕ್ಕೆ ಕೆಲಸವಿಲ್ಲ. ಕೆಲವು ಸಾಲು ಇಲ್ಲಿ ಹಾಕುತ್ತೇನೆ.

‘ಸಕ್ಕರೆ ಕಾಯಿಲೆ ಬಂದರೆ ಹೋಗುವುದು ಕಷ್ಟ. ಆದರೆ ಅದನ್ನು ಹತೋಟಿಯಲ್ಲಿ ಇಟ್ಟುಕೊಂಡು ಚೆನ್ನಾಗಿ ಬದುಕಬಹುದು.’
‘ಬಾಯಿ ಕಟ್ಟಿ. ನಾಲಿಗೆ ಕೇಳಿದ್ದನ್ನೆಲ್ಲ ಕೊಡಬೇಡಿ.’
‘ಮೂರು ತಿಂಗಳ ಸಕ್ಕರೆ ಸರಾಸರಿ ತೋರಿಸುವ ರಕ್ತ ಪರೀಕ್ಷೆ ಮಾಡಿಸಿ. ಸಕ್ಕರೆ ಎಷ್ಟು ಹತೋಟಿಯಲ್ಲಿದೆ ಎಂದು ಅದು ಹೇಳುತ್ತದೆ.’
‘ದಿನಾ ಮಲಗುವ ಮೊದಲು ಅಂಗಾಲು, ಬೆರಳ ಸಂದು ನೋಡಿಕೊಳ್ಳಿ.’

‘ಬಾಯಿ ಕಟ್ಟಿ’ ಎಂಬುದು ನಮ್ಮ ಅತ್ತೆಯವರದೇ ಮಾತು. ಹೊಟ್ಟೆ ಬಾಯಿ ಕಟ್ಟಿ ನಾಲ್ಕು ಮಕ್ಕಳನ್ನು ಓದಿಸಿದವರು ಅವರು.

ಶುಶ್ರೂಷಕಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಹಾವೇರಿ ಜಿಲ್ಲೆ

ಅಕ್ಕಾ, ದಯವಿಟ್ಟು ‘ಬಾಯಿ ಕಟ್ಟಿ’ ತೆಗೆಯಿರಿ. ಇಂದೇ ತೆಗೆಯಿರಿ. ಮಾತು ಚೆಂದ ಇದೆ, ನನಗೂ ಇಷ್ಟ. ಆದರೆ ನಮ್ಮ ಹಳ್ಳಿಯ ತಾಯಂದಿರು ಅದನ್ನು ಉಪವಾಸ ಎಂದು ತೆಗೆದುಕೊಳ್ಳುತ್ತಾರೆ. ಮಾತ್ರೆ ನುಂಗಿ, ಇಲ್ಲವೇ ಇನ್ಸುಲಿನ್ ಚುಚ್ಚಿಸಿಕೊಂಡು, ಊಟ ಬಿಡುತ್ತಾರೆ. ಸಕ್ಕರೆ ಇಳಿದುಹೋಗುತ್ತದೆ. ಬೆವರು, ಕೈನಡುಕ, ತಲೆಸುತ್ತು, ಮಾತು ತೊದಲುವುದು, ಎಚ್ಚರ ತಪ್ಪುವುದು. ಏಕಾದಶಿಯ ಮರುದಿನ, ಶ್ರಾವಣ ಸೋಮವಾರಗಳಲ್ಲಿ ಹೀಗೆ ಬಂದವರನ್ನು ನಾನು ನೋಡಿದ್ದೇನೆ. ಎಚ್ಚರವಿದ್ದರೆ ಕೂಡಲೇ ಸಕ್ಕರೆ ನೀರು ಕುಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ತರಬೇಕು. ನಿಮ್ಮ ಹೊತ್ತಿಗೆಯಲ್ಲಿ ಇದು ಇದೆಯೋ ಇಲ್ಲವೋ ನೋಡಿ.

ನಮ್ಮ ಕೇಂದ್ರದಲ್ಲಿ ನಾವು ಹೇಳುವುದು ಹೀಗೆ: ‘ಹೊತ್ತಿಗೆ ಸರಿಯಾಗಿ ಉಣ್ಣಿ, ಅಳೆದು ಉಣ್ಣಿ, ಹೊತ್ತು ತಪ್ಪಿಸಬೇಡಿ.’

ಅನುವಾದಕಿ, ಧಾರವಾಡ

ತೆಗೆದೆ. ನಿಮ್ಮ ಸಾಲನ್ನೇ ಹಾಕಿದ್ದೇನೆ. ಸಕ್ಕರೆ ಇಳಿದಾಗ ಏನು ಮಾಡಬೇಕು ಎಂಬುದು ಕೊನೆಯ ಪುಟದ ಮೂಲೆಯಲ್ಲಿತ್ತು, ಅದನ್ನು ಚೌಕದೊಳಗೆ ದೊಡ್ಡ ಅಕ್ಷರದಲ್ಲಿ ಹಾಕುವಂತೆ ಮುದ್ರಕರಿಗೆ ಬರೆದಿದ್ದೇನೆ.

ಈಗಷ್ಟೇ ಅತ್ತೆಯವರಿಗೆ ಇನ್ನೊಮ್ಮೆ ಓದಿ ಹೇಳಿದೆ. 8 ಪುಟವೂ ಕೇಳಿದರು. ಪದಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ‘ಕಾಲಿನ ವಿಷಯ ಏಕೆ ಆರನೆಯ ಪುಟಕ್ಕೆ ಹೋಗಿದೆ? ಅದು ಮೊದಲು ಬರಲಿ’ ಎಂದರು. ಆ ಪುಟವನ್ನು ಮುಂದಕ್ಕೆ ತರುತ್ತಿದ್ದೇನೆ.